ತೋಡೂರಿನ ಗೋಡೆಗಳು ಎಷ್ಟು ಗಟ್ಟಿ? ಚಿರೇಕಲ್ಲಿನ ಮನೆಗೆ ಭೂಕಂಪದ ಲೆಕ್ಕ ಹಾಕುವವರು ಯಾರು?

ತೋಡೂರು: ಕಾರವಾರ ಬಿಟ್ಟ ಬಸ್ಸು ಬಿಣಗಾ, ಅರ್ಗಾ ದಾಟಿ ತೋಡೂರಿಗೆ ಬರುವ ಹೊತ್ತಿಗೆ ಕಿಟಕಿ ಪಕ್ಕ ಕೂತವರ ಕಣ್ಣಿಗೆ ಬೀಳುವ ಬಣ್ಣ ಒಂದೇ. ಕೆಂಪು ಮಣ್ಣು, ಕೆಂಪು ಕಲ್ಲು, ಕೆಂಪು ಹೆಂಚು. ಅಲ್ಲಲ್ಲಿ ಗಾರೆ ಕಾಣದ ಚಿರೇಕಲ್ಲಿನ ಗೋಡೆ. ಅದರ ಮೇಲೆ ನಿನ್ನೆ ಮೊನ್ನೆ ಹಾಕಿದಂಥ ಸ್ಲ್ಯಾಬು. ಸ್ಲ್ಯಾಬಿನ ಮೇಲೆ, ಮಗನ ಮದುವೆ ಆದ ಮೇಲೆ ಕಟ್ಟಿಸೋಣ ಎಂದು ಮುಂದಿನ ಮಹಡಿಗೆ ಬಿಟ್ಟ ಕಂಬಿ, ಕಡಲ ಗಾಳಿಗೆ ತುಕ್ಕು ಹಿಡಿಯುತ್ತ ನಿಂತಿದೆ. ನೋಡುವುದಕ್ಕೆ ಎಲ್ಲ ಗಟ್ಟಿಮುಟ್ಟು. ಆದರೆ ಭೂಮಿ ಒಮ್ಮೆ ಅಲುಗಿದರೆ ಇವುಗಳ ಪೈಕಿ ಯಾವುದು ನಿಂತೀತು, ಯಾವುದು ಕೂತೀತು? ಇದನ್ನು ಪರೀಕ್ಷೆ ಮಾಡಿಸಿದ ಮನೆ ಈ ಪಟ್ಟಿಯಲ್ಲಿ ಎಷ್ಟಿದ್ದೀತು?

ಕೇಳಿದರೆ ಜನ ನಗುತ್ತಾರೆ. ಭೂಕಂಪ ಗುಜರಾತಿನದು, ಲಾತೂರಿನದು, ಹಿಮಾಲಯದ್ದು ಎಂಬುದು ಕರಾವಳಿಯ ಹಳೇ ನಂಬಿಕೆ. ಇಲ್ಲಿಯ ಪಾಲಿಗೆ ಬಂದದ್ದು ಮಳೆ, ಕಡಲ್ಕೊರೆತ, ಗುಡ್ಡ ಕುಸಿತ. ಅಷ್ಟೇ ಸಾಕು ಎಂದರೆ ತಪ್ಪಲ್ಲ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಹೋದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು. ಅದಾಗಿ ಮೂರು ವಾರ ಕಳೆದ ಕೂಡಲೇ, ಆಗಸ್ಟ್ 7ರ ಬೆಳಗಾಗುವ ಮೊದಲೇ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ಇಷ್ಟಕ್ಕೆಲ್ಲ ಭೂಕಂಪವೇನೂ ಬೇಕಾಗಲಿಲ್ಲ.

ಇರಲಿ. ಆದರೆ ಸರಕಾರದ ಕಾಗದ ಬೇರೆ ಮಾತು ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಹೊರಡಿಸಿದ ಐ.ಎಸ್. 1893 ಎಂಬ ಸಂಹಿತೆಯಲ್ಲಿ ದೇಶದ ಭೂಕಂಪ ನಕಾಶೆ ಇದೆ. ಅದರಲ್ಲಿ ಬೆಂಗಳೂರು, ಮೈಸೂರು, ಕಲಬುರ್ಗಿ ಎರಡನೇ ವಲಯ. ಕಾರವಾರ ಮೂರನೇ ವಲಯ. ಮಂಗಳೂರು, ಗೋವಾ, ಬೆಳಗಾವಿ, ಧಾರವಾಡ ಕೂಡ ಮೂರನೆಯದೇ. ಅಂದರೆ ಬೆಂಗಳೂರಿನ ಕಟ್ಟಡಕ್ಕೆ 0.10 ಎಂದು ಲೆಕ್ಕ ಹಿಡಿದರೆ ಕಾರವಾರದ ಕಟ್ಟಡಕ್ಕೆ 0.16 ಎಂದು ಹಿಡಿಯಬೇಕು. ಒಂದೂವರೆ ಪಟ್ಟಿಗಿಂತ ಹೆಚ್ಚು. ಕೈಗಾದ ಅಣುಸ್ಥಾವರಕ್ಕೆ ಭೂಕಂಪದ ಲೆಕ್ಕ ಹಾಕಿಯೇ ನಕ್ಷೆ ಮಾಡಿದ್ದಾರೆ, ಮಾಡಲೇಬೇಕು. ಅದೇ ತಾಲೂಕಿನ ಚಿರೇಕಲ್ಲಿನ ಮನೆಗೆ ಗೌಂಡಿಯ ಕಣ್ಣಳತೆಯೇ ಲೆಕ್ಕ.

ನಕಾಶೆ ಎರಡು ಸಲ ಸುಳ್ಳಾಯಿತು

ಮೂರನೇ ವಲಯ ಎಂದಮಾತ್ರಕ್ಕೆ ನಾಳೆಯೇ ಭೂಕಂಪ ಆಗುತ್ತದೆ ಎಂದಲ್ಲ. ಹೆದರಿ ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಬರಬೇಕಾಗಿಲ್ಲ. ಆದರೆ ನಕಾಶೆಯಲ್ಲಿ ಬಣ್ಣ ತೆಳುವಾಗಿದೆ, ನಿಶ್ಚಿಂತೆ ಎಂದು ಕೂತವರ ಕತೆ ಏನಾಯಿತು ಎಂಬುದನ್ನೂ ನೋಡಬೇಕಲ್ಲ.

ಕಾರವಾರದಿಂದ ಉತ್ತರಕ್ಕೆ, ಕಾಗೆ ಹಾರಿದರೆ ಸುಮಾರು 300 ಕಿಲೋಮೀಟರು ದೂರ, ಇದೇ ಸಹ್ಯಾದ್ರಿ ಸಾಲಿನಲ್ಲಿ ಕೊಯ್ನಾ ಇದೆ. ಅಲ್ಲಿ ಭೂಕಂಪದ ಭಯವೇ ಇಲ್ಲ ಎನ್ನುವ ಮಟ್ಟಿಗೆ ಅಂದಿನ ನಕಾಶೆ ಹೇಳುತ್ತಿತ್ತು. 1967ರ ಡಿಸೆಂಬರ್ 11ರಂದು ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಭೂಮಿ ನಡುಗಿತು. ಸುಮಾರು 180 ಜನ ಸತ್ತರು. ಕೊಯ್ನಾನಗರದ ಕಲ್ಲಿನ ಮನೆಗಳು ನೆಲಸಮವಾದವು, ಅಣೆಕಟ್ಟಿನ ಮೈಯಲ್ಲೇ ಬಿರುಕು ಬಿತ್ತು. 103 ಮೀಟರು ಎತ್ತರದ ಅಣೆಕಟ್ಟಿನ ಹಿಂದೆ 1962ರಿಂದ ತುಂಬಿದ ನೀರೇ ಇದಕ್ಕೆ ಕಾರಣವಾಯಿತೆಂದು ವಿಜ್ಞಾನಿಗಳು ಈಗ ಒಪ್ಪುತ್ತಾರೆ. ಇಷ್ಟು ಕೇಳಿದ ಕೂಡಲೇ ಕಾರವಾರದವರು ಸೂಪಾ ಕಡೆ ಕೈ ತೋರಿಸುತ್ತಾರೆ, ಅದೂ 101 ಮೀಟರಿನ ಅಣೆಕಟ್ಟೇ. ಆದರೆ ಎತ್ತರದ ಅಣೆಕಟ್ಟು ಇದ್ದಲ್ಲೆಲ್ಲ ಕೊಯ್ನಾ ಆಗುವುದಿಲ್ಲ. ಕೆಳಗಿನ ಬಂಡೆಯ ಸೀಳು, ಅದರಲ್ಲಿ ಮೊದಲೇ ಕಟ್ಟಿಕೊಂಡ ಒತ್ತಡ ಎರಡೂ ಕೂಡಿ ಬರಬೇಕು. ಕೊಯ್ನಾ ನಡುಗಿದ ಮೇಲೆ, 1970ರಲ್ಲಿ, ನಕಾಶೆ ತಿದ್ದಿ ಆ ಜಾಗವನ್ನು ನಾಲ್ಕನೇ ವಲಯಕ್ಕೆ ಸೇರಿಸಿದರು. ಹೆಣ ಎತ್ತಿದ ಮೇಲೆ ಬಣ್ಣ ಬಳಿದ ಹಾಗೆ.

ಎರಡನೇ ಸಲ ಕಿಲ್ಲಾರಿ. 1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಅನಂತ ಚತುರ್ದಶಿ, ಗಣಪತಿ ಮುಳುಗಿಸಿ ಬಂದು ಊರಿಗೆ ಊರೇ ದಣಿದು ಮಲಗಿತ್ತು. ಬೆಳಗಿನ ಜಾವ 3 ಗಂಟೆ 56 ನಿಮಿಷ. ಲಾತೂರು, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಎಂಟು ಸಾವಿರದಿಂದ ಹತ್ತು ಸಾವಿರದ ನಡುವೆ ಜನ ಸತ್ತರು. ಆಗ ಆ ಜಾಗ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಇಡೀ ದೇಶದಲ್ಲೇ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. 2002ರಲ್ಲಿ ಒಂದನೇ ವಲಯ ಎನ್ನುವುದನ್ನೇ ತೆಗೆದು ಹಾಕಿದರು. ಆ ನಕಾಶೆಯಲ್ಲಿ ಕಿಲ್ಲಾರಿ ಕಾರವಾರದ ಜೊತೆಗೆ ಮೂರನೇ ವಲಯದಲ್ಲಿ ಕೂತಿತು.

ಕಿಲ್ಲಾರಿಯಲ್ಲಿ ಕೊಂದದ್ದು ಭೂಮಿಯಲ್ಲ, ಗೋಡೆ. ರಿಕ್ಟರ್ ಮಾಪಕದಲ್ಲಿ ಆರು ಚಿಲ್ಲರೆಯ ಕಂಪನ, ದೊಡ್ಡದೇನಲ್ಲ. ಆದರೆ ಎರಡಡಿ, ಮೂರಡಿ ದಪ್ಪದ ಕಲ್ಲಿನ ಗೋಡೆ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಕಲ್ಲಿನ ಚೂರು. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಒಂದೂ ಇಲ್ಲ. ಮೇಲೆ ಮರದ ಹಲಗೆ, ಅದರ ಮೇಲೆ ತಂಪಿಗೆಂದು ಒಂದಡಿ, ಎರಡಡಿ ಮಣ್ಣು. ಮಳೆಗಾಲಕ್ಕೊಮ್ಮೆ ಇನ್ನಷ್ಟು ಮಣ್ಣು. ಭೂಮಿ ಅಲುಗಿದಾಗ ಗೋಡೆಯ ಎರಡು ಮೈ ಎರಡು ಕಡೆಗೆ ಉಬ್ಬಿ ಬಿಚ್ಚಿಕೊಂಡವು, ಮಾಡು ನೇರ ಮಲಗಿದವರ ಮೇಲೆ. ಅದೇ ಊರುಗಳಲ್ಲಿ ಮರದ ಕಂಬಗಳ ಮೇಲೆ ಮಾಡು ಹೊತ್ತ ಮನೆಗಳೂ ಇದ್ದವು. ಅವುಗಳಲ್ಲಿ ಗೋಡೆ ಬಿದ್ದರೂ ಎಷ್ಟೋ ಕಡೆ ಮಾಡು ನಿಂತಿತು.

ಚಿರೇಕಲ್ಲಿನ ಗುಣ, ಚಿರೇಕಲ್ಲಿನ ದೋಷ

ಹಾಗಾದರೆ ತೋಡೂರಿನ ಗೋಡೆಯೂ ಕಿಲ್ಲಾರಿಯ ಗೋಡೆಯೂ ಒಂದೆಯೇ? ಒಂದಲ್ಲ. ಇಲ್ಲಿ ಚಿರೇಕಲ್ಲಿಗೆ ನ್ಯಾಯವಾಗಿ ಸಲ್ಲಬೇಕಾದ ಮಾರ್ಕು ಕೊಡಬೇಕು.

ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂನಲ್ಲಿ ನೋಡಿದ್ದನ್ನು 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಹೆಸರು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ತೆಗೆದು ಗಾಳಿಗೆ ಬಿಟ್ಟರೆ ಗಟ್ಟಿ. ನಾಲ್ಕೂ ಮೈ ಚೌಕಾಗಿ ಕಡಿಯಬಹುದಾದ್ದರಿಂದ ಕಲ್ಲಿನ ಮೇಲೆ ಕಲ್ಲು ಮಟ್ಟಸವಾಗಿ ಕೂರುತ್ತದೆ. ಕಿಲ್ಲಾರಿಯ ಗುಂಡುಕಲ್ಲಿನ ಹಾಗೆ ಉರುಳುವುದಿಲ್ಲ. ಗೋಡೆ ಸಾಮಾನ್ಯವಾಗಿ ಒಂದೇ ಕಲ್ಲಿನ ದಪ್ಪ, ಹಾಗಾಗಿ ಒಳಮೈ ಹೊರಮೈ ಎಂದು ಸೀಳುವ ಪ್ರಶ್ನೆಯೂ ಕಡಿಮೆ. ಇಷ್ಟು ಗುಣ.

ದೋಷಕ್ಕೆ ಬನ್ನಿ. ಕಲ್ಲು ಎಷ್ಟೇ ಚೆನ್ನಾಗಿರಲಿ, ಗೋಡೆಯ ಬಲ ಸಂದಿನಲ್ಲಿದೆ. ಹಳೇ ಮನೆಗಳಲ್ಲಿ ಸಂದಿಗೆ ಹಾಕಿದ್ದು ಮಣ್ಣಿನ ಕೆಸರು. ಕಲ್ಲನ್ನು ನೀರಿಗೆ ನೆನೆಸದೆ ಸಿಮೆಂಟಿನ ಮೇಲೆ ಇಟ್ಟರೆ ಕಲ್ಲೇ ಸಿಮೆಂಟಿನ ನೀರು ಕುಡಿದುಬಿಡುತ್ತದೆ, ಗಾರೆ ಪುಡಿಯಾಗುತ್ತದೆ. ಉಗುರಿನಿಂದ ಕೆರೆದರೆ ಉದುರುವ ಗಾರೆ ಎಂಥದ್ದು ಎಂದು ಬೇರೆ ಹೇಳಬೇಕೆ? ಪಾಯದ ಮೇಲಿನ ಮೊದಲೆರಡು ವರಸೆ ಕಲ್ಲು ಮಳೆಯ ಹನಿ ಸಿಡಿದು ಸಿಡಿದು ಸವೆಯುತ್ತದೆ. ಇಪ್ಪತ್ತು ಮೂವತ್ತು ಮಳೆಗಾಲ ಕಳೆದ ಗೋಡೆಯ ಬುಡದಲ್ಲಿ ಕೈ ಆಡಿಸಿ ನೋಡಿ, ಒಂದು ಅಂಗುಲ ಒಳಗೆ ಹೋಗಿರುತ್ತದೆ. ಇಡೀ ಮನೆಯ ಭಾರ ನಿಂತಿರುವುದು ಆ ಬುಡದ ಮೇಲೆ.

ಕೇಂದ್ರ ಸರಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ 1997ರಲ್ಲಿ ಒಂದು ಅಟ್ಲಾಸ್ ತಂದಿತು, 2006ರಲ್ಲೂ 2019ರಲ್ಲೂ ಪರಿಷ್ಕರಿಸಿತು. ಜಿಲ್ಲೆ ಜಿಲ್ಲೆಯ ಮನೆಗಳಿಗೆ ಭೂಕಂಪ, ಗಾಳಿ, ನೆರೆಯಿಂದ ಅಪಾಯ ಎಷ್ಟು ಎಂಬ ಲೆಕ್ಕ ಅದರಲ್ಲಿದೆ. ಆ ಲೆಕ್ಕಕ್ಕೆ ಮೂಲ ಏನು? ಜನಗಣತಿಯವರು ಬಂದು ಗೋಡೆ ಯಾವುದರದು, ಮಾಡು ಯಾವುದರದು ಎಂದು ಬರೆದುಕೊಂಡು ಹೋಗುತ್ತಾರಲ್ಲ, ಅದೇ. 2011ರ ಗಣತಿಯಲ್ಲಿ ಕಲ್ಲಿನ ಗೋಡೆಗೆ ಗಾರೆ ಇದೆಯೋ ಇಲ್ಲವೋ ಎಂದು ಕೇಳಿದರು, ಯಾವ ಕಲ್ಲು ಎಂದು ಕೇಳಲಿಲ್ಲ. ಕರಾವಳಿಯ ಚಿರೇಕಲ್ಲೂ ಕಲ್ಲು, ಬಯಲುಸೀಮೆಯ ಗುಂಡುಕಲ್ಲೂ ಕಲ್ಲು. ದಿಲ್ಲಿಯಲ್ಲಿ ಕೂತು ಮಾಡಿದ ಪಟ್ಟಿಯಲ್ಲಿ ತೋಡೂರಿನ ಗೋಡೆಯ ಕತೆ ಸಿಗುವುದು ಕಷ್ಟ. ಮನೆ ಮನೆಗೆ ಹೋಗಿಯೇ ನೋಡಬೇಕು.

ಪೆಟ್ಟಿಗೆಯಾ, ಇಸ್ಪೀಟು ಎಲೆಯಾ?

ಮನೆ ನೋಡುವುದು ಹೇಗೆ? ಎಂಜಿನಿಯರುಗಳ ಪುಸ್ತಕದಲ್ಲಿ ಇರುವುದು ಮೂಲದಲ್ಲಿ ಒಂದೇ ಮಾತು, ನಾಲ್ಕು ಗೋಡೆ ಒಂದು ಪೆಟ್ಟಿಗೆಯ ಹಾಗೆ ಒಟ್ಟಿಗೆ ನಿಲ್ಲುತ್ತದೆಯೋ, ಇಸ್ಪೀಟು ಎಲೆಯ ಹಾಗೆ ಒಂದೊಂದೇ ನಿಂತಿದೆಯೋ. ಗೋಡೆಯನ್ನು ಉದ್ದಕ್ಕೆ ತಳ್ಳಿದರೆ ತಡೆಯುತ್ತದೆ. ಅಡ್ಡಕ್ಕೆ ತಳ್ಳಿದರೆ ಬೀಳುತ್ತದೆ. ಭೂಮಿ ಯಾವ ಕಡೆಗೆ ಅಲುಗುತ್ತದೆ ಎಂದು ಹೇಳಿ ಅಲುಗುವುದಿಲ್ಲ, ಆದ್ದರಿಂದ ಅಡ್ಡಕ್ಕೆ ಬೀಳುವ ಗೋಡೆಯನ್ನು ಪಕ್ಕದ ಗೋಡೆ ಹಿಡಿದುಕೊಳ್ಳಬೇಕು. ಹಿಡಿಯುವ ಜಾಗ ಮೂಲೆ. ಮೂಲೆಯಲ್ಲಿ ಒಂದು ವರಸೆ ಈ ಗೋಡೆಯ ಕಲ್ಲು, ಮುಂದಿನ ವರಸೆ ಆ ಗೋಡೆಯ ಕಲ್ಲು ಹೀಗೆ ಬೆರಳು ಹೆಣೆದಂತೆ ಹೋಗಿದೆಯೇ ನೋಡಿ. ಹಳೇ ಮನೆಗೆ ಆಮೇಲೆ ಒಂದು ಕೋಣೆ ಅಂಟಿಸಿದಲ್ಲಿ ಈ ಹೆಣಿಗೆ ಇರುವುದಿಲ್ಲ. ಸುಮ್ಮನೆ ತಾಗಿಸಿ ಕಟ್ಟಿ ಮೇಲೆ ಗಾರೆ ಬಳಿದಿರುತ್ತಾರೆ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರ ಪುನರ್ವಸತಿ ಕಾಲೋನಿ ಇರುವ ಊರು ತೋಡೂರು. ಒಮ್ಮೆ ಮನೆ ಕಳೆದುಕೊಂಡು, ಪರಿಹಾರದ ದುಡ್ಡು ಬಂದಂತೆ ಬಂದಂತೆ ಕಟ್ಟಿಕೊಂಡವರಿಗೆ ಮೊದಲು ಒಂದು ಕೋಣೆ, ಆಮೇಲೆ ಇನ್ನೊಂದು ಎನ್ನುವುದು ಚಟವಲ್ಲ, ಗತಿ.

ಮೂಲೆಯ ಜೊತೆಗೆ ಬೇಕಾದದ್ದು ಪಟ್ಟಿ. ಬಾಗಿಲು ಕಿಟಕಿಯ ಮೇಲೆ ಲಿಂಟಲ್ ಹಾಕುತ್ತಾರೆ, ಕಿಟಕಿ ಮುಗಿದಲ್ಲಿ ಲಿಂಟಲೂ ಮುಗಿಯುತ್ತದೆ. ಐ.ಎಸ್. 4326 ಮತ್ತು 1993ರ ಐ.ಎಸ್. 13828 ಎಂಬ ಸಂಹಿತೆಗಳು ಹೇಳುವುದು, ಆ ಲಿಂಟಲನ್ನು ಅಲ್ಲಿಗೆ ಕಡಿಯಬೇಡಿ, ಮನೆಯ ಸುತ್ತ ಎಲ್ಲ ಗೋಡೆಯ ಮೇಲೂ ಸೊಂಟಪಟ್ಟಿಯ ಹಾಗೆ ಒಯ್ದು ಕೂಡಿಸಿ ಎಂದು. ಚಿಕ್ಕ ಮನೆಗೆ ಮೂರು ಅಂಗುಲ ದಪ್ಪ ಕಾಂಕ್ರೀಟು, ಒಳಗೆ 8 ಎಂ.ಎಂ.ನ ಎರಡು ಕಂಬಿ, ಆರಂಗುಲಕ್ಕೊಂದು 6 ಎಂ.ಎಂ.ನ ಕೊಂಡಿ. ಮೂಲೆಯಲ್ಲಿ ಕಂಬಿಯನ್ನು ಬಗ್ಗಿಸಿ ಪಕ್ಕದ ಗೋಡೆಯೊಳಗೆ ಒಯ್ಯಬೇಕು, ಮೂಲೆಗೆ ತುಂಡಾದರೆ ಪಟ್ಟಿ ಹಾಕಿಯೂ ಹಾಕದ ಹಾಗೆ. ಇಡೀ ಮನೆಯ ಖರ್ಚಿನಲ್ಲಿ ಇದು ಬಾಗಿಲ ಕೆತ್ತನೆಗೆ ಹೋಗುವ ದುಡ್ಡಿಗೆ ಹೋಲಿಸಿದರೂ ದೊಡ್ಡದಲ್ಲ. ಆದರೆ ಕೆತ್ತನೆ ನೆಂಟರಿಗೆ ಕಾಣುತ್ತದೆ, ಪಟ್ಟಿ ಗಾರೆಯೊಳಗೆ ಮುಚ್ಚಿಹೋಗುತ್ತದೆ.

ಉಳಿದ ನಿಯಮಗಳೂ ಅರ್ಥವಾಗದ ಬ್ರಹ್ಮವಿದ್ಯೆ ಅಲ್ಲ. ಅಡ್ಡಗೋಡೆ ಇಲ್ಲದೆ ಒಂದೇ ಗೋಡೆ ಐದು ಮೀಟರಿಗಿಂತ ಉದ್ದ ಓಡಬಾರದು, ಓಡಿದರೆ ನಡುವೆ ಆನಿಕೆಗೋಡೆ ಕೊಡಬೇಕು. ಒಂದು ಗೋಡೆಯಲ್ಲಿ ಬಾಗಿಲು ಕಿಟಕಿಯ ಅಗಲ ಕೂಡಿಸಿದರೆ ಗೋಡೆಯ ಅರ್ಧ ಮೀರಬಾರದು. ಕಿಟಕಿ ಮೂಲೆಗೆ ಅಂಟಿರಬಾರದು, ಎರಡಡಿಯಾದರೂ ಗೋಡೆ ಇರಲಿ. ದಪ್ಪ ಕಲ್ಲಿನ ಗೋಡೆಯಾದರೆ ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿ ಉದ್ದಕ್ಕೊಮ್ಮೆ ಒಳಮೈಯಿಂದ ಹೊರಮೈಗೆ ಮುಟ್ಟುವ ಒಂದು ಉದ್ದ ಕಲ್ಲು ಕೂರಿಸಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು 2001ರ ಭುಜ್ ಭೂಕಂಪದಲ್ಲಿ ಕಲ್ಲು, ಇಟ್ಟಿಗೆಯ ಕಟ್ಟಡಗಳು ಹೇಗೆ ಬಿದ್ದವು ಎಂದು ನೋಡಿ ಬರೆದಿದ್ದಾರೆ. ಅಡ್ಡಪಟ್ಟಿ ಒಂದೇ ಸಾಲದು, ಗೋಡೆ ಹೊಟ್ಟೆ ಬಿಟ್ಟುಕೊಂಡು ಹೊರಕ್ಕೆ ಬಾಗುವುದನ್ನು ತಡೆಯಲು ಗೋಡೆಯ ಎರಡೂ ಮೈಗೆ ನೆಟ್ಟಗೆ ತೆಳು ಕಂಬಿ ನಿಲ್ಲಿಸಿ, ಸಂದಿನ ಮೂಲಕ ಒಂದಕ್ಕೊಂದು ಕಟ್ಟಬೇಕು ಎಂಬುದು ಅವರು ಮುಂದಿಟ್ಟ ಉಪಾಯ. ಕನ್ನಡದವರೇ ಕಂಡುಹಿಡಿದದ್ದು. ಕರಾವಳಿಯ ಗೌಂಡಿಯ ಕಿವಿಗೆ ಮುಟ್ಟಿಸುವವರು ಬೇಕು.

ಹೆಂಚು ತೆಗೆದು ಸ್ಲ್ಯಾಬು

ಈಗ ಇಡೀ ಕರಾವಳಿಯಲ್ಲಿ ನಡೆಯುತ್ತಿರುವ ಕೆಲಸ ಒಂದಿದೆ. ಹೆಂಚು ಸೋರುತ್ತದೆ, ಮಂಗ ಹಾರಿ ಒಡೆಯುತ್ತದೆ, ಪಕಾಸಿಗೆ ಗೆದ್ದಲು. ತೆಗೆ, ಅದೇ ಗೋಡೆಯ ಮೇಲೆ ಸ್ಲ್ಯಾಬು ಹಾಕು. ಹತ್ತಡಿ ಹನ್ನೆರಡಡಿಯ ಒಂದು ಕೋಣೆಯ ಲೆಕ್ಕ ನೋಡಿ. ಮಂಗಳೂರು ಹೆಂಚು, ರೀಪು, ಪಕಾಸು ಎಲ್ಲ ಸೇರಿ ಮುಕ್ಕಾಲರಿಂದ ಒಂದು ಟನ್ ಭಾರ. ನಾಲ್ಕಂಗುಲದ ಸ್ಲ್ಯಾಬಾದರೆ ಬರೀ ಕಾಂಕ್ರೀಟೇ 2.8 ಟನ್. ಭೂಮಿ ಅಲುಗಿದಾಗ ಭಾರದ ಹತ್ತನೇ ಒಂದು ಪಾಲು ಅಡ್ಡಕ್ಕೆ ತಳ್ಳುತ್ತದೆ ಎಂದು ಇಟ್ಟುಕೊಂಡರೆ ಹೆಂಚಿನ ಮಾಡು ಗೋಡೆಯ ತಲೆಯನ್ನು 100 ಕಿಲೋದೊಳಗೆ ತಳ್ಳುತ್ತದೆ, ಸ್ಲ್ಯಾಬು 280 ಕಿಲೋ ತಳ್ಳುತ್ತದೆ. ಕೆಳಗಿನ ಗೋಡೆ ಅದೇ, ಅಜ್ಜನ ಕಾಲದ ಮಣ್ಣಿನ ಸಂದಿನದು.

ಸ್ಲ್ಯಾಬು ಕೆಟ್ಟದ್ದು ಎಂದಲ್ಲ. ಸಿಮೆಂಟಿನಲ್ಲಿ ಸರಿಯಾಗಿ ಕಟ್ಟಿದ ಗೋಡೆಯ ಮೇಲೆ ನಾಲ್ಕೂ ಬದಿ ಚೆನ್ನಾಗಿ ಕೂತ ಸ್ಲ್ಯಾಬು ಪೆಟ್ಟಿಗೆಯ ಮುಚ್ಚಳ ಇದ್ದ ಹಾಗೆ, ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ತೊಂದರೆ ಇರುವುದು ಹೊಸ ಭಾರವನ್ನು ಹಳೇ ಗೋಡೆಗೆ ಹೊರಿಸುವುದರಲ್ಲಿ. ಅಳಿವೆಯ ಉಪ್ಪು ಮರಳಿನಲ್ಲಿ ಹಾಕಿದ ಸ್ಲ್ಯಾಬಾದರೆ ಕೆಲವೇ ವರ್ಷದಲ್ಲಿ ಕಂಬಿ ಉಬ್ಬಿ ಕೆಳಗಿನಿಂದ ಕಾಂಕ್ರೀಟು ಚಕ್ಕೆ ಚಕ್ಕೆ ಉದುರುವುದನ್ನು ಇಲ್ಲಿ ನೋಡದವರಿಲ್ಲ. ಹೆಂಚಿನ ಹಳೇ ಮನೆಗಳೆಲ್ಲ ಭದ್ರ ಎಂದೂ ತಿಳಿಯಬೇಡಿ. ಅವುಗಳ ಮರ್ಮ ಬೇರೆ ಕಡೆ, ಮಾಡಿನ ತುದಿಗೆ ಏರುವ ಮುಕ್ಕೋನದ ಗೋಡೆಯಲ್ಲಿ ಇದೆ. ಮೇಲೆ ಹಿಡಿಯುವವರಿಲ್ಲದೆ ಒಂಟಿಯಾಗಿ ನಿಂತ ಆ ಗೋಡೆ ಎಲ್ಲಕ್ಕಿಂತ ಮೊದಲು ಬೀಳುವುದು.

ಅಂಗಡಿಕಾರರು ಗಮನಿಸಬೇಕಾದದ್ದು

ಹೆದ್ದಾರಿಗೆ ಮುಖ ಮಾಡಿದ ಮನೆಯ ಮುಂದಿನ ಗೋಡೆ ಒಡೆದು ಶಟರ್ ಕೂರಿಸಿದರೆ ಅಂಗಡಿ ರೆಡಿ. ಮೂರು ಕಡೆ ಗೋಡೆ, ಮುಂದೆ ಪೂರ್ತಿ ಬಾಯಿ. ಭೂಮಿ ಅಡ್ಡಕ್ಕೆ ಅಲುಗಿದರೆ ಹಿಂದಿನ ಗೋಡೆ ತಡೆಯುತ್ತದೆ, ಮುಂದೆ ತಡೆಯುವುದಕ್ಕೆ ಏನೂ ಇಲ್ಲ, ಕಟ್ಟಡ ತಿರುಚಿಕೊಳ್ಳುತ್ತದೆ. ಶಟರಿನ ಎರಡು ಪಕ್ಕಕ್ಕೆ ಕಾಂಕ್ರೀಟು ಕಂಬ, ಮೇಲೆ ತೊಲೆ, ಅದು ಪಾಯದಿಂದಲೇ ಎದ್ದದ್ದಾದರೆ ಮಾತು ಬೇರೆ. ಗೋಡೆಯ ಮೇಲೆ ಕಬ್ಬಿಣದ ಎರಡು ತುಂಡು ಇಟ್ಟು ಸ್ಲ್ಯಾಬು ಹೊರಿಸಿದ್ದಾದರೆ ಅದು ಗೋಡೆಯೂ ಅಲ್ಲ, ಕಂಬವೂ ಅಲ್ಲ.

ಬಸ್ಸಿಗೆ ಕಾಯುವವರ ಪಾಲಿಗೆ ಇನ್ನೊಂದು ಸಂಗತಿ ಇದೆ. ಮಳೆ ಬಂದರೆ ಎಲ್ಲರೂ ನಿಲ್ಲುವುದು ಅಂಗಡಿಯ ಮುಂಚಾಚಿನ ಕೆಳಗೆ. ಮೇಲೆ ಇರುವುದು ಅರ್ಧ ಇಟ್ಟಿಗೆ ದಪ್ಪದ ಪ್ಯಾರಪೆಟ್ ಗೋಡೆ, ಅದಕ್ಕೆ ಬಿಗಿದ ಬೋರ್ಡು, ಪಕ್ಕದಲ್ಲಿ ನೀರಿನ ಟ್ಯಾಂಕು. ಸಣ್ಣ ನಡುಕಕ್ಕೂ ಮೊದಲು ಬೀದಿಗೆ ಬೀಳುವ ಸಾಮಾನು ಇವು. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಅಂಜಾರಿನಲ್ಲಿ ಶಾಲೆ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದರು. ಇಕ್ಕಟ್ಟಾದ ಓಣಿ, ಎರಡೂ ಕಡೆ ಎತ್ತರದ ಕಟ್ಟಡ. ಮಕ್ಕಳು ಮನೆಯೊಳಗೆ ಇರಲಿಲ್ಲ, ಬೀದಿಯಲ್ಲೇ ಇದ್ದರು. ಎರಡೂ ಕಡೆಯ ಗೋಡೆ ಅವರ ಮೇಲೆ ಬಿತ್ತು.

ಬಿರುಕು ಏನು ಹೇಳುತ್ತದೆ?

ಬಂಡೆ ಸಿಡಿಸಿದ್ದಕ್ಕೆ ಗೋಡೆ ಬಿರುಕು ಬಿಟ್ಟಿತು ಎಂಬ ದೂರು ಹೆದ್ದಾರಿ ಹಾದುಹೋದ ಊರುಗಳಲ್ಲಿ ಹೊಸದಲ್ಲ. ಬಿರುಕು ಮೊದಲೇ ಇತ್ತು ಎಂಬುದು ಎದುರಿನವರ ಉತ್ತರ. ಇಬ್ಬರ ಹತ್ತಿರವೂ ದಾಖಲೆ ಇರುವುದಿಲ್ಲ. ಬಿರುಕನ್ನು ಓದಲು ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸ್ಲ್ಯಾಬಿನ ಕೆಳಗೇ ಗೋಡೆಯುದ್ದಕ್ಕೂ ಅಡ್ಡಕ್ಕೆ ಓಡಿದ ಬಿರುಕು ಹೆಚ್ಚಿನ ಕಡೆ ಬಿಸಿಲಿನದು. ಹಗಲು ಸ್ಲ್ಯಾಬು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಒಂದು ಕಡೆಯ ಪಾಯ ಕುಸಿದರೆ ಬಿರುಕು ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಸಂದು ಹಿಡಿದು ಏರುತ್ತದೆ, ಒಂದು ತುದಿ ಅಗಲ, ಇನ್ನೊಂದು ತುದಿ ಕೂದಲೆಳೆ. ಭೂಕಂಪದ್ದಾದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಾಕಾರದ ಚಿಹ್ನೆಯ ಹಾಗೆ ಒಂದರ ಮೇಲೊಂದು ಹಾಯುತ್ತದೆ. ನೆಲ ಆ ಕಡೆಗೂ ಈ ಕಡೆಗೂ ಅಲುಗಿದ ಗುರುತು ಅದು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದ ಬಿರುಕು ಇದ್ದರೆ, ಯಾವ ಕಾರಣದ್ದೇ ಇರಲಿ, ಪೆಟ್ಟಿಗೆ ಬಿಚ್ಚಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಗೋಡೆ ಹೊಟ್ಟೆ ಬಿಟ್ಟಿದೆಯೇ ಎಂದು ನೋಡಲು ಗೌಂಡಿಯ ತೂಗುಗುಂಡು ಸಾಕು.

ಬೆಳೆಯುವ ಬಿರುಕೋ ನಿಂತ ಬಿರುಕೋ ಎಂದು ತಿಳಿಯಲು ಹಳೇ ಎಂಜಿನಿಯರುಗಳ ಉಪಾಯ ಒಂದಿದೆ. ಬಿರುಕಿನ ಅಡ್ಡಕ್ಕೆ ಗಾಜಿನ ತೆಳು ಪಟ್ಟಿ ಇಟ್ಟು ಎರಡು ತುದಿಗೆ ಸಿಮೆಂಟು ಮೆತ್ತಿ ತಾರೀಕು ಬರೆದಿಡುವುದು. ಗೋಡೆ ಕೂದಲೆಳೆ ಸರಿದರೂ ಗಾಜು ಒಡೆಯುತ್ತದೆ. ಬಂಡೆ ಸಿಡಿಸುವ ಮೊದಲು ಇಟ್ಟಿದ್ದರೆ ಯಾರ ಮಾತು ನಿಜ ಎಂದು ಗಾಜೇ ಹೇಳುತ್ತಿತ್ತು.

ಭೂಕಂಪ ಆದ ಮೇಲೆ ಹಾನಿಗೆ ಐದು ದರ್ಜೆ. ಗಾರೆಯಲ್ಲಿ ಸಣ್ಣ ಗೀರು ಬಿದ್ದರೆ ಒಂದು. ಗೋಡೆಯಲ್ಲಿ ಸಣ್ಣ ಬಿರುಕು, ಗಾರೆ ಹಲ್ಲೆ ಹಲ್ಲೆಯಾಗಿ ಬಿದ್ದು ಹೆಂಚು ಜಾರಿದರೆ ಎರಡು. ಈ ಎರಡಕ್ಕೆ ಮನೆ ಬಿಡಬೇಕಾಗಿಲ್ಲ. ಬಿರುಕು ದೊಡ್ಡದಾಗಿ ಆಳಕ್ಕೆ ಹೋದರೆ ಮೂರು, ಬಿಟ್ಟು ಹೊರಗೆ ಬರಬೇಕು, ರಿಪೇರಿ ಆಗಿ ಗಟ್ಟಿ ಮಾಡಿದ ಮೇಲೇ ಒಳಗೆ. ಗೋಡೆಯಲ್ಲಿ ಕಿಂಡಿ ಬಿದ್ದು ಒಂದು ಭಾಗ ಕುಸಿದರೆ ನಾಲ್ಕು. ಐದು ಎಂದರೆ ಹೇಳುವುದಕ್ಕೇನೂ ಇಲ್ಲ. ಮೂರನೇ ವಲಯಕ್ಕೆ ಹಿಡಿಯುವ ಏಳನೇ ತೀವ್ರತೆಯ ಕಂಪನದಲ್ಲಿ ಮಣ್ಣಿನ ಸಂದಿನ ಕಾಡುಕಲ್ಲಿನ ಮನೆಗಳು ನೂರಕ್ಕೆ 75ರಷ್ಟು ಮೂರನೇ ದರ್ಜೆಗೆ ಇಳಿಯುತ್ತವೆ, ಐದರಷ್ಟು ನಾಲ್ಕಕ್ಕೆ. ಚೌಕ ಕಡಿದ ಕಲ್ಲು, ಇಟ್ಟಿಗೆಯ ಮನೆಗಳಲ್ಲಿ ಅರ್ಧದಷ್ಟಕ್ಕೆ ಎರಡನೇ ದರ್ಜೆ. ತೋಡೂರಿನ ಮನೆ ಈ ಎರಡರ ಪೈಕಿ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಸಂದಿನ ಗಾರೆಯೂ ಮೂಲೆಯ ಹೆಣಿಗೆಯೂ ತೀರ್ಮಾನಿಸುತ್ತವೆ. ಅದೇ ತೀವ್ರತೆಯ ವಿವರಣೆಯಲ್ಲಿ ಇನ್ನೊಂದು ಸಾಲಿದೆ: ಕಡಿದಾದ ಇಳಿಜಾರಿನ ರಸ್ತೆಗಳಲ್ಲಿ ಅಲ್ಲಲ್ಲಿ ಭೂಕುಸಿತ. ಶಿರೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೇ ಮನೆ ಕೆಡವಬೇಕೇ? ಬೇಡ. ಕಟ್ಟಿದ ಮನೆಯನ್ನೇ ಗಟ್ಟಿ ಮಾಡುವುದಕ್ಕೆ ಐ.ಎಸ್. 13935 ಎಂಬ ಸಂಹಿತೆ 1993ರಿಂದ ಇದೆ, 2009ರಲ್ಲಿ ಪರಿಷ್ಕರಿಸಿದ್ದಾರೆ. ಲಿಂಟಲಿನ ಮಟ್ಟದಲ್ಲಿ ಗೋಡೆಯ ಗಾರೆ ಕೆತ್ತಿ, ತಂತಿ ಬಲೆ ಮೊಳೆ ಹೊಡೆದು, ಸಿಮೆಂಟು ಗಾರೆ ಬಳಿದರೆ ಅದೇ ಪಟ್ಟಿ. ಮೂಲೆಗಳಿಗೆ ನೆಟ್ಟಗೆ ಅದೇ ಬಲೆ. ಕಿಲ್ಲಾರಿಯ ಸುತ್ತ ದಪ್ಪ ಗೋಡೆಗಳಿಗೆ ಆರಪಾರ ತೂತು ಕೊರೆದು, ಕೊಕ್ಕೆ ಕಂಬಿ ಇಟ್ಟು, ಕಾಂಕ್ರೀಟು ತುಂಬಿ ಎರಡೂ ಮೈಯನ್ನು ಹೊಲಿದರು.

ಇದನ್ನು ಮಾಡಿಸುವವರು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ಇದೆ. ಜಿಲ್ಲಾ ಪಂಚಾಯತಿಗೆ ಎಂಜಿನಿಯರಿಂಗ್ ವಿಭಾಗ ಇದೆ, ಲೋಕೋಪಯೋಗಿ ಇಲಾಖೆಗೆ ಎಂಜಿನಿಯರುಗಳಿದ್ದಾರೆ. ರಸ್ತೆಯಲ್ಲಿ ನಿಂತೇ ಒಂದು ಕಟ್ಟಡಕ್ಕೆ ಅಂಕ ಹಾಕುವ ಪದ್ಧತಿ ಇದೆ, ಗೋಡೆ ಯಾವುದು, ಮಾಡು ಯಾವುದು, ಮಹಡಿ ಎಷ್ಟು, ಬಿರುಕು ಎಲ್ಲಿ ಎಂದು ಒಂದು ಹಾಳೆ ತುಂಬಿದರೆ ಆಯಿತು. ಎಲ್ಲ ಮನೆ ಆಗದಿದ್ದರೂ ಮೊದಲು ಶಾಲೆ, ಅಂಗನವಾಡಿ, ಆಸ್ಪತ್ರೆ, ಪಂಚಾಯತಿ ಕಟ್ಟಡಗಳಿಗೆ ಹಾಳೆ ತುಂಬಲಿ. ಭೂಮಿ ನಡುಗಿದ ರಾತ್ರಿ ಊರಿಗೆ ಊರೇ ಓಡಿ ಬಂದು ಕೂರುವುದು ಶಾಲೆಯಲ್ಲಿ ತಾನೇ?

ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು, ಸ್ಲ್ಯಾಬಿನ ಸೋರಿಕೆ ಮುಚ್ಚಲು ಗೌಂಡಿ ಹೇಗೂ ಬರುತ್ತಾನೆ. ಮಾಡು ಬಿಚ್ಚಿದಾಗಲೇ ಮುಕ್ಕೋನ ಗೋಡೆಯ ತಲೆಗೆ ಓರೆ ಪಟ್ಟಿ ಹಾಕಿ ಪಕಾಸಿಗೆ ಕಟ್ಟಿಸಬಹುದು, ಬುಡದಲ್ಲಿ ಸವೆದ ಕಲ್ಲಿಗೆ ಸಿಮೆಂಟು ತುಂಬಿಸಬಹುದು. ಅಂಗಡಿಯ ಮೇಲಿನ ಪ್ಯಾರಪೆಟ್ಟನ್ನು ಕೈಯಿಂದ ತಳ್ಳಿ ನೋಡಲಿ. ಅಲುಗಿದರೆ ಕೆಳಗಿಳಿಸಿ ಕಬ್ಬಿಣದ ಕಟಕಟೆ ಕೂರಿಸಲು ಒಂದು ದಿನದ ಕೂಲಿ ಹೆಚ್ಚಾದೀತು, ಅಷ್ಟೇ.